ಪುಕ್ಕಲು, ಆದರೆ ಮಹಾ ಚೂಟಿ: ಬೆರಕೆ ನಾಯಿಯನ್ನು ದತ್ತು ತೆಗೆದುಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಶೆಲ್ಟರ್‌ಗೆ ಬರುವವರ ಕಣ್ಣು ಮೊದಲು ಹೋಗುವುದು ಬಾಗಿಲಿಗೇ ಓಡಿ ಬಂದು ಕೈ ನೆಕ್ಕುವ ನಾಯಿಯ ಮೇಲೆ. ಜನ ಇರುವಷ್ಟು ಹೊತ್ತು ಮೂಲೆಯಲ್ಲಿ ಗೋಡೆಗೆ ಅಂಟಿ ಕೂತು, ಅವರು ಆಚೆ ಹೋದ ಕೂಡಲೇ ಅಂಗಳದ ತುಂಬಾ ಓಡುವ ನಾಯಿಯನ್ನು ಕೇಳುವವರು ಕಡಿಮೆ. ಕೇಳಿದವರಿಗೆ ಮಾತ್ರ ಅನುಮಾನಗಳು ಜಾಸ್ತಿ. ಅವರು ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಹಾಕಿದೆ.

ಪುಕ್ಕಲು ಅಂತೀರಿ, ಚೂಟಿ ಅಂತಲೂ ಅಂತೀರಿ. ಎರಡೂ ಒಂದೇ ನಾಯಿಯಲ್ಲಿ ಇರುತ್ತಾ?

ಧಾರಾಳವಾಗಿ ಇರುತ್ತದೆ. ಪುಕ್ಕಲುತನ ಕಾಣುವುದು ಹೊಸ ಮನುಷ್ಯರು, ಹೊಸ ಜಾಗ, ಹೊಸ ಸದ್ದುಗಳ ಎದುರಿಗೆ. ಮೈಯಲ್ಲಿರುವ ಕಸುವು ಬೇರೆ ವಿಷಯ. ಹೆದರಿಕೆ ಇಲ್ಲದ ಹೊತ್ತಿನಲ್ಲಿ ಅದು ಹೊರಗೆ ಬರುತ್ತದೆ, ಅಷ್ಟೇ.

ತೊಂದರೆ ಶುರುವಾಗುವುದು ನಾವು ಈ ಎರಡನ್ನೂ ತಪ್ಪಾಗಿ ಓದಿದಾಗ. ಅಲ್ಲಾಡದೆ ಮಲಗಿರುವ ನಾಯಿಯನ್ನು ನೋಡಿ "ಪಾಪ, ಎಷ್ಟು ಸಾಧು" ಅನ್ನುತ್ತೇವೆ. ಎಷ್ಟೋ ಸಲ ಅದು ಸಾಧುವಲ್ಲ, ಭಯದಿಂದ ಮರಗಟ್ಟಿರುತ್ತದೆ. ಮುಟ್ಟಿದರೆ ಸುಮ್ಮನಿರುತ್ತದೆ, ಎತ್ತಿದರೂ ಸುಮ್ಮನಿರುತ್ತದೆ, ಆದರೆ ತಿನ್ನುವುದಿಲ್ಲ, ಕಣ್ಣು ತಪ್ಪಿಸುತ್ತದೆ, ಮೈ ಬಿಗಿಯಾಗಿರುತ್ತದೆ. ಓಡುವ ನಾಯಿಯ ವಿಷಯವೂ ಹಾಗೇ. ಮೈ ಸಡಿಲವಾಗಿ, ಬಾಯಿ ತೆರೆದು, ಒಂದಷ್ಟು ಹೊತ್ತು ಓಡಿ ಆಮೇಲೆ ಕಾಲು ಚಾಚಿ ಮಲಗಿದರೆ ಅದು ಖುಷಿ. ಸೆಕೆ ಇಲ್ಲದಿದ್ದರೂ ಏದುಸಿರು ಬಿಡುತ್ತಾ, ಒಂದೇ ದಾರಿಯಲ್ಲಿ ಅತ್ತಿಂದಿತ್ತ ತಿರುಗುತ್ತಾ, ಎಲ್ಲೂ ಕೂರಲಾಗದೆ ಒದ್ದಾಡುತ್ತಿದ್ದರೆ ಅದು ಆತಂಕ. ಇಂಥ ನಾಯಿಯನ್ನು ಇನ್ನಷ್ಟು ಓಡಿಸಿ ಸುಸ್ತು ಮಾಡಲು ಹೋದರೆ ಆತಂಕವೇ ಹೆಚ್ಚುತ್ತದೆ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ವ್ಯತ್ಯಾಸದ ಮೇಲೇ ನಿಂತಿವೆ.

ಇದರಲ್ಲಿ ಯಾವ್ಯಾವ ತಳಿ ಬೆರೆತಿದೆ ಅಂತ ಹೇಗೆ ತಿಳಿಯುವುದು?

ನೋಡಿ ಹೇಳುವುದು ಕಷ್ಟ. ಕಿವಿಯ ಆಕಾರ, ಕೂದಲ ಉದ್ದ, ಬಣ್ಣ ಇವನ್ನೆಲ್ಲ ಕೆಲವೇ ಜೀನ್‌ಗಳು ನಿರ್ಧರಿಸುತ್ತವೆ. ಹಾಗಾಗಿ ನೋಡಲು ಲ್ಯಾಬ್ರಡಾರ್ ಥರ ಇರುವ ನಾಯಿಯಲ್ಲಿ ಲ್ಯಾಬ್ರಡಾರ್ ಅಂಶ ಹೆಸರಿಗಷ್ಟೇ ಇರಬಹುದು. ಶೆಲ್ಟರ್ ಕಾರ್ಡಿನಲ್ಲಿ ಬರೆದಿರುವ ತಳಿ ಬಹುಪಾಲು ಊಹೆ. ಕುತೂಹಲ ಇದ್ದರೆ ಡಿಎನ್‌ಎ ಪರೀಕ್ಷೆ ಮಾಡಿಸಬಹುದು.

ಆದರೆ ಸ್ವಭಾವ ತಿಳಿಯಲು ತಳಿಯ ಹೆಸರು ಅಷ್ಟೇನೂ ನೆರವಾಗುವುದಿಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ಮಾಹಿತಿ ಪಡೆದು, ಅವುಗಳಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದ್ದರು. ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಶೇಕಡಾ ಮಾತ್ರ. ಎದುರಿಗಿರುವ ನಾಯಿಯನ್ನೇ ನೋಡಿ.

ಬೆರಕೆ ನಾಯಿಗೆ ಕಾಯಿಲೆ ಬರುವುದಿಲ್ಲವಂತೆ, ನಿಜವೇ?

ಅರ್ಧ ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ 27,000ಕ್ಕೂ ಹೆಚ್ಚು ನಾಯಿಗಳ ಆಸ್ಪತ್ರೆ ದಾಖಲೆ ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. 24 ಆನುವಂಶಿಕ ಕಾಯಿಲೆಗಳಲ್ಲಿ 10 ಕಾಯಿಲೆಗಳು ಶುದ್ಧ ತಳಿಗಳಲ್ಲಿ ಹೆಚ್ಚಿದ್ದವು, 13ರಲ್ಲಿ ವ್ಯತ್ಯಾಸ ಇರಲಿಲ್ಲ. ಮೊಣಕಾಲಿನ ಒಂದು ಮುಖ್ಯ ಲಿಗಮೆಂಟ್ ಹರಿಯುವುದು ಬೆರಕೆ ನಾಯಿಗಳಲ್ಲೇ ಜಾಸ್ತಿ ಕಂಡಿತು. ಸೋಂಕು, ಉಣ್ಣಿ, ಜಂತುಹುಳುಗಳಂತೂ ತಳಿ ಕೇಳಿ ಬರುವುದಿಲ್ಲ.

ಇಷ್ಟು ಹೆದರುತ್ತದೆ ಅಂದರೆ ಯಾರೋ ಹೊಡೆದಿರಬೇಕು ಅಲ್ವಾ?

ಹೊಡೆದಿರಬಹುದು, ಹೊಡೆಯದೆಯೂ ಇರಬಹುದು. ಕೈ ಎತ್ತಿದರೆ ಕುಗ್ಗುವ, ಕೋಲು ಕಂಡರೆ ಓಡುವ ನಾಯಿಗಳೆಲ್ಲ ಏಟು ತಿಂದವೇ ಆಗಬೇಕಿಲ್ಲ. ಅವು ಚಿಕ್ಕಂದಿನಲ್ಲಿ ಕೈಯನ್ನಾಗಲಿ ಕೋಲನ್ನಾಗಲಿ ಹತ್ತಿರದಿಂದ ನೋಡಿಯೇ ಇಲ್ಲದಿರಬಹುದು.

ಮರಿಗೆ ಸುಮಾರು 3 ವಾರದಿಂದ 12–14 ವಾರದ ತನಕ ಲೋಕವನ್ನು ಒಪ್ಪಿಕೊಳ್ಳುವ ಕಾಲ. ಆಗ ನೋಡಿದ್ದು, ಮೂಸಿದ್ದು, ಕೇಳಿದ್ದು ಮಾಮೂಲಿಯಾಗುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆಲವು ಮರಿಗಳನ್ನು ದೊಡ್ಡ ಬೇಲಿಯೊಳಗೆ 14 ವಾರದ ತನಕ ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದರು. ಅವಕ್ಕೆ ಯಾರೂ ಏನೂ ಮಾಡಿರಲಿಲ್ಲ, ಆದರೂ ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳ ಹಾಗೆ ಹೆದರಿದವು. ಇದರ ಜೊತೆಗೆ ತಾಯಿಯಿಂದ ಬಂದ ಅಂಜುಬುರುಕ ಸ್ವಭಾವವೂ ಸೇರಿರುತ್ತದೆ.

ಹಿಂದಿನ ಕಥೆ ಹೆಣೆಯುತ್ತಾ ಕೂರುವುದರಲ್ಲಿ ಒಂದು ಅಪಾಯವೂ ಇದೆ. "ಪಾಪ, ಎಷ್ಟು ಕಷ್ಟಪಟ್ಟಿದೆಯೋ" ಅಂತ ಮರುಕಪಟ್ಟು ತಬ್ಬಿಕೊಳ್ಳಲು ಹೋಗುತ್ತೇವೆ. ಅದಕ್ಕೆ ಆ ಹೊತ್ತಿನಲ್ಲಿ ಬೇಡದಿರುವುದು ಅದೇ.

ಇಂಥ ನಾಯಿ ಯಾರಿಗೆ ಹೊಂದುವುದಿಲ್ಲ?

ನೇರವಾಗಿ ಹೇಳಿಬಿಡುತ್ತೇವೆ. ದಿನವೂ ನೆಂಟರಿಷ್ಟರು ಬಂದು ಹೋಗುವ ಮನೆ, ತೆವಳುವ ಅಥವಾ ಈಗಷ್ಟೇ ನಡೆಯಲು ಕಲಿತ ಮಗು ಇರುವ ಮನೆ, ಬೆಳಗ್ಗೆ ಬಾಗಿಲು ಹಾಕಿದರೆ ರಾತ್ರಿಯೇ ತೆಗೆಯುವ ಮನೆ, ಇವು ಮೂರೂ ಕಷ್ಟ. ಫ್ಲ್ಯಾಟ್ ಆದರೆ ಆಗುವುದಿಲ್ಲ ಅಂತೇನಿಲ್ಲ. ಆದರೆ ಲಿಫ್ಟ್ ಎಂಬುದು ಪುಕ್ಕಲು ನಾಯಿಗೆ ಬಹಳ ಕಷ್ಟದ ಜಾಗ. ಇಕ್ಕಟ್ಟಿನಲ್ಲಿ ಅಪರಿಚಿತರು ಮೈಗೆ ತಾಗಿ ನಿಂತಿರುತ್ತಾರೆ, ಓಡಲು ದಾರಿ ಇರುವುದಿಲ್ಲ.

ದತ್ತು ಕೊಡುವವರ ಬಳಿ ಕೇಳಲೇಬೇಕಾದದ್ದು: ಇದು ಬೇರೆ ನಾಯಿಗಳ ಜೊತೆ ಹೇಗಿದೆ, ಯಾರ ಕೈಯಿಂದ ತಿನ್ನುತ್ತದೆ, ಹಗ್ಗ ಹಾಕಿಸಿಕೊಳ್ಳುತ್ತದಾ, ಯಾವಾಗಲಾದರೂ ಕಚ್ಚಿದೆಯಾ, ಸಾಧ್ಯವಾದರೆ ಮೊದಲು ಕೆಲವು ವಾರ ಫಾಸ್ಟರ್ ಆಗಿ, ಅಂದರೆ ದತ್ತು ತೆಗೆದುಕೊಳ್ಳದೆ ತಾತ್ಕಾಲಿಕವಾಗಿ, ಇಟ್ಟುಕೊಳ್ಳಬಹುದಾ. ಒಂದೇ ಭೇಟಿಯಲ್ಲಿ ನಿರ್ಧಾರ ಮಾಡಬೇಡಿ. ಎರಡನೇ ಸಲ ಹೋದಾಗ ನಿಮ್ಮ ಗುರುತು ಹಿಡಿದು ಒಂದು ಹೆಜ್ಜೆ ಮುಂದೆ ಬಂತಾ ಅನ್ನುವುದು ಒಳ್ಳೆಯ ಸುಳಿವು.

ಮನೆಗೆ ತರುವ ಮುಂಚೆ ಏನೇನು ಸಿದ್ಧ ಇರಬೇಕು?

ಜನ ಓಡಾಡದ ಒಂದು ಕೋಣೆ ಅಥವಾ ಮೂಲೆ. ಮೂರು ಕಡೆ ಮುಚ್ಚಿದ, ಒಂದು ಕಡೆ ತೆರೆದ ಅಡಗುತಾಣ. ಕ್ರೇಟ್ (ನಾಯಿ ಮಲಗುವ ಬೋನು) ಆದರೂ ಸರಿ, ಬಾಗಿಲು ತೆರೆದೇ ಇರಲಿ. ಜಾರುವ ನೆಲಕ್ಕೆ ಒಂದೆರಡು ಚಾಪೆ ಹಾಸಿ. ನಯವಾದ ನೆಲದ ಮೇಲೆ ಕಾಲು ಜಾರಿದರೆ ಪುಕ್ಕಲು ನಾಯಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟುಬಿಡಬಹುದು.

ಇನ್ನು ಹಾರ್ನೆಸ್, ಅಂದರೆ ಎದೆ ಸುತ್ತ ತೊಡಿಸುವ ಪಟ್ಟಿ. ಮಾಮೂಲಿ ಕೊರಳಪಟ್ಟಿಯಿಂದ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕ್ಷಣದಲ್ಲಿ ತಲೆ ಬಿಡಿಸಿಕೊಳ್ಳುತ್ತದೆ. ಎದೆಯ ಹಿಂದೆ ಹೊಟ್ಟೆಯ ಮೇಲೂ ಒಂದು ಪಟ್ಟಿ ಬರುವಂಥ ಹಾರ್ನೆಸ್ ತೆಗೆದುಕೊಳ್ಳಿ. ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇರುವ ಬಿಲ್ಲೆ ಇರಲಿ. ಚರ್ಮದಡಿಗೆ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ಸಂಖ್ಯೆ ನಿಮ್ಮ ಹೆಸರಿಗೆ ನೋಂದಣಿ ಆಗಿದೆಯಾ ನೋಡಿಕೊಳ್ಳಿ. ಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದೆ ಅಂದುಕೊಂಡವರಿದ್ದಾರೆ. ಕಾಣುವುದಿಲ್ಲ. ಸ್ಕ್ಯಾನರ್ ಹಿಡಿದಾಗ ಸಂಖ್ಯೆ ತೋರಿಸುತ್ತದೆ ಅಷ್ಟೇ. ಜಿಪಿಎಸ್ ಬೇರೆಯೇ ಸಾಧನ.

ಮೊದಲ ದಿನ ಏನು ಮಾಡಬೇಕು?

ಆದಷ್ಟು ಕಡಿಮೆ ಮಾಡಿ. ಸ್ನಾನ ಬೇಡ, ಅಕ್ಕಪಕ್ಕದವರಿಗೆ ತೋರಿಸುವುದು ಬೇಡ, ಫೋಟೊಗೆ ತಬ್ಬಿಕೊಂಡು ಕೂರುವುದು ಬೇಡ. ಕಾರಿನಿಂದ ಇಳಿಸುವಾಗ, ಮನೆ ಬಾಗಿಲು ದಾಟಿಸುವಾಗ ಹಗ್ಗ ಕೈಯಲ್ಲಿ ಭದ್ರವಾಗಿರಲಿ. ಮೂತ್ರಕ್ಕೆ ಬಿಡುವ ಜಾಗ ತೋರಿಸಿ, ಅದರ ಮೂಲೆ ತೋರಿಸಿ, ನೀರು ಇಟ್ಟು, ನಿಮ್ಮ ಪಾಡಿಗೆ ನೀವಿರಿ. ಅದರ ಕಡೆ ಬೆನ್ನು ಅಥವಾ ಪಕ್ಕ ತಿರುಗಿ ನೆಲದ ಮೇಲೆ ಕೂತು ಏನಾದರೂ ಓದುತ್ತಿದ್ದರೆ ಇನ್ನೂ ಒಳ್ಳೆಯದು.

ಒಂದು ದಿನ ಸರಿಯಾಗಿ ತಿನ್ನದಿದ್ದರೆ ಗಾಬರಿಯಾಗಬೇಡಿ. ಶೆಲ್ಟರ್‌ನಲ್ಲಿ ಕೊಡುತ್ತಿದ್ದ ಆಹಾರವನ್ನೇ ಕೊಡಿ. ಬದಲಿಸುವುದಿದ್ದರೆ ಆಮೇಲೆ, 7ರಿಂದ 10 ದಿನ ಹಿಡಿದು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬದಲಿಸಿ. ಆದರೆ ಎರಡನೇ ದಿನವೂ ಏನೂ ಮುಟ್ಟದಿದ್ದರೆ, ನೀರು ಕುಡಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು.

ಮೂರು ದಿನ, ಮೂರು ವಾರ, ಮೂರು ತಿಂಗಳು ಅನ್ನುತ್ತಾರಲ್ಲ, ಅದರೊಳಗೆ ಸರಿ ಹೋಗುತ್ತದಾ?

ಅದು ಅಂದಾಜು, ಗಡುವು ಅಲ್ಲ. ಮೊದಲ ಮೂರು ದಿನ ಗಲಿಬಿಲಿ, ಮೂರು ವಾರದಲ್ಲಿ ಮನೆಯ ದಿನಚರಿ ಗೊತ್ತಾಗುವುದು, ಮೂರು ತಿಂಗಳಲ್ಲಿ ಇದು ನನ್ನ ಮನೆ ಅನ್ನಿಸುವುದು. ತುಂಬಾ ಪುಕ್ಕಲು ನಾಯಿಗೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಎರಡನೇ ಮೂರನೇ ವಾರದಲ್ಲಿ "ಬಂದಾಗ ಚೆನ್ನಾಗಿತ್ತು, ಈಗ ಹಾಳಾಗಿದೆ" ಎಂಬ ದೂರು ಮಾಮೂಲಿ. ಬೊಗಳಲು ಶುರು ಮಾಡಿರುತ್ತದೆ, ಚಪ್ಪಲಿ ಕಚ್ಚಿರುತ್ತದೆ, ಸೋಫಾ ಮೇಲಿಂದ ಹಾರಿರುತ್ತದೆ. ಮರಗಟ್ಟಿದ್ದ ನಾಯಿ ಬಿಸಿಯಾಗುತ್ತಿದೆ, ಅಷ್ಟೇ. ನಮ್ಮ ಲೆಕ್ಕದಲ್ಲಿ ಇದು ಒಳ್ಳೆಯ ಸುದ್ದಿ, ಚಪ್ಪಲಿ ಹೋದವರು ಒಪ್ಪಲಿಕ್ಕಿಲ್ಲ.

ಕೈಯಲ್ಲಿ ತಿಂಡಿ ಹಿಡಿದು ಕರೆದರೆ ಬೇಗ ಹತ್ತಿರವಾಗುತ್ತದಾ?

ಎಲ್ಲರೂ ಮೊದಲು ಮಾಡುವುದು ಇದನ್ನೇ. ಪುಕ್ಕಲು ನಾಯಿಯ ವಿಷಯದಲ್ಲಿ ಇದು ಹಲವು ಸಲ ತಿರುಗುಮುರುಗಾಗುತ್ತದೆ. ಹಸಿವು ಮುಂದೆ ಎಳೆಯುತ್ತದೆ, ಭಯ ಹಿಂದೆ ಎಳೆಯುತ್ತದೆ. ಹಿಂಗಾಲು ದೂರ ಇಟ್ಟು ಕತ್ತು ಮಾತ್ರ ಉದ್ದ ಚಾಚಿ ತಿಂಡಿ ಕಸಿಯುತ್ತದೆ. ಬಾಯಿ ತಿಂಡಿಯಲ್ಲಿದ್ದರೂ ನಾಯಿ ಹೆದರಿಕೆಯಲ್ಲೇ ಇರುತ್ತದೆ. ತಿಂಡಿ ಮುಗಿದ ಕ್ಷಣ "ಅಯ್ಯೋ, ಇಷ್ಟು ಹತ್ತಿರ ಬಂದುಬಿಟ್ಟೆನಲ್ಲ" ಅಂತ ಬೆಚ್ಚುತ್ತದೆ. ಬೆಚ್ಚಿದ ನಾಯಿ ಕೆಲವೊಮ್ಮೆ ಕೈಗೇ ಬಾಯಿ ಹಾಕುತ್ತದೆ.

ಬದಲಿಗೆ ತಿಂಡಿಯನ್ನು ನಾಯಿಯ ಹಿಂದೆ ಬೀಳುವಂತೆ ಎಸೆಯಿರಿ. ಅದು ನಿಮ್ಮಿಂದ ದೂರ ಹೋಗಿ ತಿನ್ನುತ್ತದೆ. ದೂರ ಹೋಗಲು ಬಿಟ್ಟಿದ್ದೇ ಒಂದು ಬಹುಮಾನ, ತಿಂಡಿ ಇನ್ನೊಂದು. ತಿಂದ ಮೇಲೆ ತಾನಾಗಿಯೇ ತಿರುಗಿ ನಿಮ್ಮತ್ತ ಒಂದು ಹೆಜ್ಜೆ ಇಡುತ್ತದೆ. ಮತ್ತೆ ಹಿಂದಕ್ಕೆ ಎಸೆಯಿರಿ. ಕೆಲವು ದಿನಗಳಲ್ಲಿ ಆ ಹೆಜ್ಜೆಗಳು ಹೆಚ್ಚಾಗುತ್ತವೆ. ಹತ್ತಿರ ಬರುವ ತೀರ್ಮಾನ ಅದರದ್ದೇ ಆಗಿರುವುದರಿಂದ ಅದು ಉಳಿಯುತ್ತದೆ.

ಮುಟ್ಟುವ ವಿಷಯದಲ್ಲೂ ಇದೇ ಲೆಕ್ಕ. ತಲೆಯ ಮೇಲಿಂದ ಕೈ ತರಬೇಡಿ. ಎದೆ ಅಥವಾ ಕೊರಳ ಪಕ್ಕ ಒಂದೆರಡು ಕ್ಷಣ ಸವರಿ ಕೈ ತೆಗೆದುಬಿಡಿ. ಅದು ಒರಗಿಕೊಂಡರೆ, ಮೂತಿಯಿಂದ ಕೈ ತಳ್ಳಿದರೆ ಮುಂದುವರಿಸಿ. ಮುಖ ತಿರುಗಿಸಿದರೆ ಬಿಡಿ. ತಿಂಡಿಯೆಂದರೆ ಉಗುರಿನಷ್ಟು ತುಂಡು ಸಾಕು, ದಿನದ ಒಟ್ಟು ಕ್ಯಾಲೊರಿಯಲ್ಲಿ 10 ಶೇಕಡಾ ಮೀರದಿರಲಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುವ ಚ್ಯೂಯಿಂಗ್ ಗಮ್ ನಾಯಿಗೆ ವಿಷ.

ಗುರ್ ಅಂದರೆ ಗದರಬೇಕಾ?

ಬೇಡ. ಗುರುಗುಟ್ಟುವುದು ಎಚ್ಚರಿಕೆ. ಗದರಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುವ ನಾಯಿ ತಯಾರಾಗುತ್ತದೆ.

ಗುರ್ ಅನ್ನುವುದಕ್ಕೆ ಮುಂಚೆಯೇ ಅದು ಬಹಳಷ್ಟು ಹೇಳಿರುತ್ತದೆ: ನಿದ್ದೆ ಇಲ್ಲದೆ ಆಕಳಿಕೆ, ತಿಂಡಿ ಇಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಇದ್ದಕ್ಕಿದ್ದಂತೆ ಕಲ್ಲಾಗುವುದು. ಬಾಲ ಅಲ್ಲಾಡಿಸುತ್ತಿದೆ ಅಂತ ನಂಬಬೇಡಿ. ಮೈ ಸಡಿಲವಾಗಿದ್ದರೆ ಮಾತ್ರ ಆ ಬಾಲಕ್ಕೆ ಬೆಲೆ. ಇದರಲ್ಲಿ ಯಾವುದೇ ಕಂಡರೂ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ.

ಮೊದಲೇ ನಾನು ಯಜಮಾನ ಅಂತ ತೋರಿಸದಿದ್ದರೆ ತಲೆ ಮೇಲೆ ಕೂರುತ್ತದಂತೆ?

ಈ ಮಾತಿನ ಬೇರು 1947ರಲ್ಲಿದೆ. ರುಡಾಲ್ಫ್ ಷೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದಿದ್ದರು. ಇಕ್ಕಟ್ಟಿನಲ್ಲಿ ಕೂಡಿಹಾಕಿದ ತೋಳಗಳು ಮೇಲುಗೈಗಾಗಿ ಜಗಳವಾಡುತ್ತಿದ್ದವು. ಅದನ್ನೇ ಆಮೇಲೆ ನಾಯಿಗಳಿಗೂ ಅನ್ವಯಿಸಿದರು. ಕಾಡಿನಲ್ಲಿ ತೋಳಗಳನ್ನು ದೀರ್ಘಕಾಲ ಗಮನಿಸಿದ ಡೇವಿಡ್ ಮೆಕ್ 1999ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಅಲ್ಲಿ ಗುಂಪು ಎಂದರೆ ಹೆಚ್ಚಾಗಿ ಅಪ್ಪ, ಅಮ್ಮ ಮತ್ತು ಅವರ ಮರಿಗಳು. ಗೆದ್ದು ಯಜಮಾನನಾಗುವ ಪ್ರಶ್ನೆಯೇ ಇಲ್ಲ.

ತೋಳದ ಕಥೆ ಹೇಗೂ ಇರಲಿ. ಹೆದರಿದ ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿದರೆ ಅದು ಕಲಿಯುವ ಪಾಠ ಒಂದೇ, ನಿಮ್ಮ ಕೈ ಅಪಾಯಕಾರಿ ಅಂತ.

ಇಷ್ಟೊಂದು ಚಟುವಟಿಕೆ. ಎಷ್ಟು ಓಡಿಸಿದರೂ ಸುಸ್ತಾಗುವುದಿಲ್ಲ. ಏನು ಮಾಡುವುದು?

ಓಡಿಸುವುದನ್ನು ಸ್ವಲ್ಪ ಕಡಿಮೆ ಮಾಡಿ! ದಿನವೂ ಗಂಟೆಗಟ್ಟಲೆ ಚೆಂಡು ಎಸೆದರೆ ನಾಯಿ ದಣಿಯುವುದಕ್ಕಿಂತ ಹೆಚ್ಚಾಗಿ ಅದರ ತಾಕತ್ತು ಬೆಳೆಯುತ್ತದೆ. ಇಂದು ಅರ್ಧ ಗಂಟೆಗೆ ಸುಸ್ತಾದದ್ದಕ್ಕೆ ಮುಂದಿನ ತಿಂಗಳು ಒಂದು ಗಂಟೆಯೂ ಸಾಲುವುದಿಲ್ಲ. ಅಟ್ಟಿಸಿಕೊಂಡು ಹೋಗುವ ಆಟದ ಉದ್ರೇಕ ಬೇಗ ಇಳಿಯುವುದೂ ಇಲ್ಲ. ಮನೆಗೆ ಬಂದ ಮೇಲೂ ಕೂತಲ್ಲಿ ಕೂರಲಾಗದೆ ತಿರುಗುತ್ತದೆ.

ಮೂಗಿಗೆ ಕೆಲಸ ಕೊಡಿ. 5ರಿಂದ 10 ಮೀಟರ್ ಉದ್ದದ ಹಗ್ಗವನ್ನು ಹಾರ್ನೆಸ್‌ಗೆ ಕಟ್ಟಿ, ಜನ ಕಡಿಮೆ ಇರುವ ಬಯಲಿನಲ್ಲಿ ಅದು ಹೋದಲ್ಲಿ ಹೋಗಿ. ಒಂದು ಪೊದೆಯ ಹತ್ತಿರ ಐದು ನಿಮಿಷ ನಿಂತರೆ ನಿಲ್ಲಲಿ. ನಮಗೆ ಬೇಸರ ಬರುತ್ತದೆ, ನಿಜ, ಆದರೆ ನಡಿಗೆ ಅದರದ್ದು. ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಮಾತ್ರ ಕಟ್ಟಬೇಡಿ, ಓಡಿ ತುದಿ ಮುಟ್ಟಿದಾಗ ಕತ್ತಿಗೆ ಜೋರು ಏಟು ಬೀಳುತ್ತದೆ. ಗುಂಡಿ ಒತ್ತಿ ಎಳೆದುಕೊಳ್ಳುವ ಡಬ್ಬಿ ಹಗ್ಗವೂ ಬೇಡ. ಕೈಜಾರಿದರೆ ಆ ಡಬ್ಬಿ ಸದ್ದು ಮಾಡುತ್ತಾ ಹಿಂದೆಯೇ ಬರುತ್ತದೆ, ಪುಕ್ಕಲು ನಾಯಿ ಅದಕ್ಕೇ ಹೆದರಿ ಕಿಲೋಮೀಟರ್‌ಗಟ್ಟಲೆ ಓಡಬಹುದು.

ಊಟವನ್ನು ಬಟ್ಟಲಲ್ಲೇ ಇಡಬೇಕೆಂದಿಲ್ಲ. ಹುಲ್ಲಿನಲ್ಲಿ ಚೆಲ್ಲಿ, ಸುತ್ತಿದ ಹಳೇ ಟವೆಲ್‌ನೊಳಗೆ ಅಡಗಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹರಿಯಲು ಬಿಡಿ. ಇದರಿಂದ ಎರಡು ಲಾಭ. ತಲೆ ದಣಿಯುತ್ತದೆ, ಜೊತೆಗೆ ಅಪರಿಚಿತ ವಸ್ತುವಿನೊಳಗೆ ಮೂತಿ ತೂರಿಸುವ ಧೈರ್ಯ ಬೆಳೆಯುತ್ತದೆ. ಹಗ್ಗ ಜಗ್ಗುವ ಆಟ, ಅಗೆಯಲು ಮರಳಿನ ಗುಂಡಿ, ಮುಟ್ಟು-ಸುತ್ತು-ಹತ್ತು ಎಂಬಂಥ ಸಣ್ಣ ತರಬೇತಿ ಇವೆಲ್ಲ ಸೇರಿದರೆ ದಿನ ತುಂಬುತ್ತದೆ. ಪೂರ್ತಿ ಬೆಳೆದಿರದ ನಾಯಿಯನ್ನು ಬೈಕ್ ಜೊತೆ ಓಡಿಸುವುದು, ಪದೇ ಪದೇ ಎತ್ತರದಿಂದ ಜಿಗಿಸುವುದು ಬೇಡ. ಮೂಳೆ ಬೆಳೆಯುವ ಜಾಗ ಮುಚ್ಚಲು ದೊಡ್ಡ ಗಾತ್ರದ ನಾಯಿಗೆ ಒಂದು ವರ್ಷಕ್ಕೂ ಮೇಲಾಗುತ್ತದೆ.

ನಿದ್ದೆಯನ್ನೂ ನೋಡಿಕೊಳ್ಳಿ. ಬೆಳೆದ ನಾಯಿ ದಿನದ ಅರ್ಧದಷ್ಟು ಹೊತ್ತು ಮಲಗುತ್ತದೆ, ಮರಿ 18 ಗಂಟೆಗೂ ಜಾಸ್ತಿ. ಸಂಜೆ ಹೊತ್ತು ಹುಚ್ಚೆದ್ದು ಕುಣಿಯುವ ನಾಯಿಗೆ ಹಲವು ಸಲ ಬೇಕಿರುವುದು ಇನ್ನೊಂದು ವಾಕ್ ಅಲ್ಲ, ಕತ್ತಲೆ ಕೋಣೆಯಲ್ಲಿ ಒಂದು ನಿದ್ದೆ.

ಬಾಗಿಲ ಹೊರಗೆ ಕಾಲಿಡುವುದೇ ಇಲ್ಲ. ಎಳೆದುಕೊಂಡು ಹೋಗಬಹುದಾ?

ಬೇಡ. ಹೊಸ್ತಿಲ ಬಳಿ ತಿಂಡಿ ಹಾಕಿ, ಅದು ಹೊರಗೆ ನೋಡಿ ಒಳಗೆ ಬರಲಿ. ನಾಳೆ ಎರಡು ಹೆಜ್ಜೆ ಹೋಗಲಿ. ವಾಕಿಂಗ್ ಅನ್ನುವುದು ದಿನವೂ ಮಾಡಲೇಬೇಕಾದ ವ್ರತ ಅಲ್ಲ. ಅಂಗಳ ಅಥವಾ ತಾರಸಿ ಇದ್ದರೆ ಮೊದಲ ವಾರಗಳಿಗೆ ಅದೇ ಸಾಕು. ಹೊರಟಾಗ ಸದ್ದಿಲ್ಲದ ಹೊತ್ತು ಆರಿಸಿ.

ತಪ್ಪಿಸಿಕೊಂಡು ಓಡಿಹೋದರೆ?

ಇದನ್ನು ಈಗಲೇ ಓದಿಟ್ಟುಕೊಳ್ಳಿ, ಆಗ ಓದಲು ಪುರುಸೊತ್ತು ಇರುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಅಪಾಯ ಜಾಸ್ತಿ. ತೆರೆದ ಗೇಟು, ಕಾರಿನ ಬಾಗಿಲು, ಕಳಚಿದ ಕೊರಳಪಟ್ಟಿ ಇವೇ ಕಾರಣ.

ಹಿಂದೆ ಓಡಬೇಡಿ. ಹೆಸರು ಕೂಗಬೇಡಿ. ಓಡುತ್ತಿರುವ ಪುಕ್ಕಲು ನಾಯಿಗೆ ಆ ಹೊತ್ತಿನಲ್ಲಿ ನಿಮ್ಮ ಗುರುತೂ ಸಿಗುವುದಿಲ್ಲ, ಅಟ್ಟಿಸಿಕೊಂಡು ಬರುವ ಯಾರೋ ಒಬ್ಬರು ಅಷ್ಟೇ. ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಬಿಡಿ, ಅದನ್ನು ದಿಟ್ಟಿಸಬೇಡಿ, ಸುತ್ತಲೂ ವಾಸನೆ ಇರುವ ತಿಂಡಿ ಚೆಲ್ಲಿ. ಅದು ನಂಬುವ ಇನ್ನೊಂದು ನಾಯಿ ಇದ್ದರೆ ಹಗ್ಗ ಹಾಕಿ ಜೊತೆಗೆ ಕರೆತನ್ನಿ.

ಕಣ್ಮರೆಯಾಗಿದ್ದರೆ ಪೋಸ್ಟರ್ ಅಂಟಿಸಿ. ಅದರಲ್ಲಿ ದೊಡ್ಡದಾಗಿ ಹೀಗೆ ಬರೆಯಿರಿ: ಅಟ್ಟಬೇಡಿ, ಕರೆಯಬೇಡಿ, ಎಲ್ಲಿ ಕಂಡಿತು ಅಂತ ಫೋನ್ ಮಾಡಿ. ಹತ್ತಾರು ಜನ ಗುಂಪುಕಟ್ಟಿ ಹುಡುಕಲು ಹೊರಟರೆ ನಾಯಿ ಆ ಪ್ರದೇಶವನ್ನೇ ಬಿಟ್ಟು ಹೋಗುತ್ತದೆ. ಕೊನೆಯದಾಗಿ ಕಂಡ ಜಾಗದಲ್ಲಿ ಊಟ, ನೀರು, ನೀವು ತೊಟ್ಟು ಒಗೆಯದ ಬಟ್ಟೆ ಇಡಿ. ಇಂಥ ನಾಯಿಗಳು ಹಗಲು ಅಡಗಿದ್ದು ರಾತ್ರಿ ಅಥವಾ ನಸುಕಿನಲ್ಲಿ ಓಡಾಡುವುದು ಹೆಚ್ಚು. ಊಟಕ್ಕೆ ಬರುವ ಹೊತ್ತು ಖಚಿತವಾದರೆ ಬೋನು ಇಟ್ಟು ಹಿಡಿಯಬಹುದು. ಅದಕ್ಕೆ ಅನುಭವ ಇರುವವರನ್ನೇ ಕರೆಸಿ. ಸಿಕ್ಕ ಮೇಲೆ ಬೈಯಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ?

ಗುಡುಗು, ಪಟಾಕಿಗೆ ನಡುಗುವಾಗ ಮುದ್ದಿಸಿದರೆ ಭಯ ಇನ್ನೂ ಜಾಸ್ತಿಯಾಗುತ್ತದಾ?

ಆಗುವುದಿಲ್ಲ. ಭಯ ಎಂಬುದು ಬಹುಮಾನ ಕೊಟ್ಟು ಬೆಳೆಸುವ ಅಭ್ಯಾಸ ಅಲ್ಲ. ಹತ್ತಿರ ಬಂದು ಒರಗಿದರೆ ಒರಗಿಸಿಕೊಳ್ಳಿ. ಮಂಚದ ಕೆಳಗೆ ನುಸುಳಿದರೆ ಅಲ್ಲೇ ಬಿಡಿ. ಕಿಟಕಿ ಮುಚ್ಚಿ, ಫ್ಯಾನ್ ಅಥವಾ ಹಾಡು ಹಾಕಿ. ಪ್ರತೀ ಸಲವೂ ಜೊಲ್ಲು ಸುರಿಸಿ ಬಾಗಿಲು ಕೆರೆಯುವಷ್ಟು ಹೆದರಿದರೆ ಡಾಕ್ಟರ ಬಳಿ ಮಾತಾಡಿ, ಅದಕ್ಕೆಂದೇ ಔಷಧಗಳಿವೆ.

ಮನೆಯಲ್ಲಿ ಈಗಾಗಲೇ ಒಂದು ನಾಯಿ ಇದೆ. ಮಕ್ಕಳೂ ಇದ್ದಾರೆ.

ನೆಮ್ಮದಿಯ ಸ್ವಭಾವದ ನಾಯಿ ಇದ್ದರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಮನುಷ್ಯರನ್ನು ನಂಬದ ನಾಯಿಯೂ ಇನ್ನೊಂದು ನಾಯಿ ನಂಬುವುದನ್ನು ನೋಡಿ ಧೈರ್ಯ ತಂದುಕೊಳ್ಳುತ್ತದೆ. ಮೊದಲ ಭೇಟಿ ಮನೆಯ ಹೊರಗೆ ಆಗಲಿ. ಇಬ್ಬರು ಎರಡು ನಾಯಿಗಳನ್ನು ಹಿಡಿದು, ನಡುವೆ ಅಂತರ ಬಿಟ್ಟು, ಒಂದೇ ದಿಕ್ಕಿಗೆ ನಡೆಯಿರಿ. ಮುಖಕ್ಕೆ ಮುಖ ತಂದು ನಿಲ್ಲಿಸಬೇಡಿ. ಊಟದ ಬಟ್ಟಲು ಬೇರೆ ಬೇರೆ ಕೋಣೆಯಲ್ಲಿರಲಿ.

ಮಕ್ಕಳಿಗೆ ಮೂರೇ ನಿಯಮ: ಮಲಗಿದಾಗ ಮುಟ್ಟಬಾರದು, ತಿನ್ನುವಾಗ ಹತ್ತಿರ ಹೋಗಬಾರದು, ಅದರ ಮೂಲೆಗೆ ಕಾಲಿಡಬಾರದು. ಚಿಕ್ಕ ಮಗುವನ್ನೂ ನಾಯಿಯನ್ನೂ ಮಾತ್ರ ಬಿಟ್ಟು ಪಕ್ಕದ ಕೋಣೆಗೂ ಹೋಗಬೇಡಿ. ಮಕ್ಕಳನ್ನು ಕಚ್ಚುವುದು ಬೀದಿಯಲ್ಲಿ ಹೋಗುವ ಯಾವುದೋ ನಾಯಿ ಮಾತ್ರ ಅಲ್ಲ, ಪರಿಚಯದ ನಾಯಿಯೂ ಕಚ್ಚಬಹುದು.

ಡಾಕ್ಟರ ಬಳಿ ಯಾವಾಗ ಕರೆದೊಯ್ಯಬೇಕು?

ತುರ್ತು ಇಲ್ಲದಿದ್ದರೆ ಒಂದು ವಾರದೊಳಗೆ. ಶೆಲ್ಟರ್ ಕೊಟ್ಟ ಲಸಿಕೆ ಕಾರ್ಡ್ ಜೊತೆಗಿರಲಿ. ರೇಬಿಸ್, ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ಲಸಿಕೆಗಳು ಆಗಿವೆಯಾ ನೋಡಬೇಕು. ಜಂತುಹುಳು, ಚಿಗಟ, ಉಣ್ಣಿಗೆ ಔಷಧ ಬೇಕು. ಉಣ್ಣಿಯಿಂದ ಎರ್ಲಿಕಿಯಾದಂಥ ರಕ್ತದ ಕಾಯಿಲೆಗಳು ಬರುವುದರಿಂದ ರಕ್ತ ಪರೀಕ್ಷೆಯನ್ನೂ ಕೇಳಿ. ವಾಂತಿ, ರಕ್ತಭೇದಿ, ಜ್ವರ ಕಂಡರೆ ಒಂದು ಗಂಟೆಯೂ ಕಾಯಬೇಡಿ, ಅದು ಪಾರ್ವೊ ಇರಬಹುದು. ಈ ವೈರಸ್ ಸೋಂಕು ತಗುಲಿ ಒಂದೆರಡು ವಾರದ ಒಳಗೆ ಲಕ್ಷಣ ತೋರಿಸುತ್ತದೆ, ಶೆಲ್ಟರ್‌ನಲ್ಲೇ ತಗುಲಿರಬಹುದು. ನಾಯಿಯ ಮಾಮೂಲಿ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಜಾಸ್ತಿ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮುಟ್ಟಿದರೆ ಸಿಡುಕುವ ನಾಯಿಗೆ ಕಿವಿ ನೋವು, ಹಲ್ಲು ನೋವು, ಸೊಂಟದ ನೋವು ಇರಬಹುದು. ಹಳೇ ಗಾಯ ಕೂಡ ಇರಬಹುದು. ನಡವಳಿಕೆ ತಿದ್ದುವ ಮುಂಚೆ ನೋವು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಭಯಕ್ಕೆ ಮಾತ್ರೆ ಕೊಡುವುದು ತಪ್ಪಲ್ವಾ?

ತಪ್ಪಲ್ಲ. ಭಯದಲ್ಲಿ ಮುಳುಗಿರುವ ತಲೆಗೆ ಹೊಸದೇನೂ ಹತ್ತುವುದಿಲ್ಲ. ಫ್ಲೂಆಕ್ಸೆಟಿನ್‌ನಂಥ ಔಷಧ ಆ ಮಟ್ಟವನ್ನು ಇಳಿಸಿ ಕಲಿಯಲು ಜಾಗ ಮಾಡಿಕೊಡುತ್ತದೆ. ಪೂರ್ತಿ ಪರಿಣಾಮ ಕಾಣಲು 4ರಿಂದ 6 ವಾರ ಬೇಕು, ಮೂರನೇ ದಿನಕ್ಕೇ ನಿಲ್ಲಿಸಬೇಡಿ. ಡಾಕ್ಟರು ಬರೆದುಕೊಟ್ಟರೆ ಮಾತ್ರ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡುವುದು ಪ್ರಾಣಕ್ಕೇ ಅಪಾಯ.

ಕಚ್ಚಿಬಿಟ್ಟರೆ?

ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆಯಿರಿ. ಆಮೇಲೆ ನೇರ ಡಾಕ್ಟರ ಬಳಿ ಹೋಗಿ, ನಾಯಿಗೆ ಲಸಿಕೆ ಆಗಿದ್ದರೂ ಸರಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ನಾಯಿ ಯಾಕೆ ಕಚ್ಚಿತು ಎಂಬ ವಿಚಾರಣೆ ಅದಾದ ಮೇಲೆ ಇಟ್ಟುಕೊಳ್ಳಿ.

ಮನೆಯೊಳಗೇ ಮೂತ್ರ ಮಾಡುತ್ತದೆ.

ಎರಡು ಬಗೆ. ಜಾಗ ಗೊತ್ತಿಲ್ಲದೆ ಮಾಡಿದರೆ ಎದ್ದ ಕೂಡಲೇ, ತಿಂದ ಮೇಲೆ, ಆಟದ ನಂತರ ಹೊರಗೆ ಕರೆದೊಯ್ದು, ಮಾಡಿದ ಜಾಗದಲ್ಲೇ ತಿಂಡಿ ಕೊಡಿ. ನೀವು ಬಗ್ಗಿದಾಗ ಕುಗ್ಗಿ ಹನಿ ಬಿಟ್ಟರೆ ಅದು ಹೆದರಿಕೆಯ ಮೂತ್ರ, ಬೈದಷ್ಟೂ ಹೆಚ್ಚುತ್ತದೆ. ಬಗ್ಗುವುದನ್ನು ಬಿಡಿ, ಪಕ್ಕಕ್ಕೆ ಕೂತು ಮಾತಾಡಿಸಿ.

ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ?

ಮೊದಲ ವಾರ ರಜೆ ಹಾಕಿ ದಿನವಿಡೀ ಜೊತೆಗಿದ್ದು, ಎಂಟನೇ ದಿನ ಇಡೀ ದಿನ ಬಿಟ್ಟು ಹೋಗುವುದು ಕೆಟ್ಟ ಯೋಜನೆ. ಎರಡನೇ ದಿನದಿಂದಲೇ ಅರ್ಧ ನಿಮಿಷ ಬಾಗಿಲ ಹೊರಗೆ ನಿಂತು ಬನ್ನಿ. ಹೋಗುವಾಗ ಬೀಳ್ಕೊಡುಗೆ ಬೇಡ, ಬರುವಾಗ ಸಂಭ್ರಮ ಬೇಡ. ಸಮಯ ಮೆಲ್ಲಗೆ ಹೆಚ್ಚಿಸಿ. ಹಳೇ ಫೋನಿನಲ್ಲಿ ವಿಡಿಯೊ ಹಾಕಿಟ್ಟು ಹೋದರೆ ಮಲಗಿದೆಯೋ, ಒದ್ದಾಡುತ್ತಿದೆಯೋ ಗೊತ್ತಾಗುತ್ತದೆ.

ನಮ್ಮಿಂದ ಆಗದಿದ್ದರೆ ವಾಪಸ್ ಕೊಡಬಹುದಾ?

ಕೊಡಬಹುದು, ತಂದ ಜಾಗಕ್ಕೇ ಕೊಡಿ. ಪರಿಚಯದ ಯಾರಿಗೋ ದಾಟಿಸುವುದು, ಎಲ್ಲೋ ಬಿಟ್ಟು ಬರುವುದು ಬೇಡ. ಕೊಡುವಾಗ ಮನೆಯಲ್ಲಿ ಅದು ಹೇಗಿತ್ತು, ಯಾವುದಕ್ಕೆ ಹೆದರಿತು, ಏನು ತಿಂದಿತು ಎಂಬುದನ್ನೆಲ್ಲ ಬರೆದುಕೊಡಿ. ಶೆಲ್ಟರ್‌ನಲ್ಲಿ ಎಷ್ಟು ನೋಡಿದರೂ ಸಿಗದ ಮಾಹಿತಿ ಅದು. ಆದರೆ ಮೊದಲ ತಿಂಗಳೊಳಗೇ ಆಗದು ಅನ್ನಿಸಿದ್ದರೆ, ಬಿಟ್ಟುಕೊಡುವ ಮುಂಚೆ ಹೊಡೆಯದೆ ಬಡಿಯದೆ ಕಲಿಸುವ ಒಬ್ಬ ತರಬೇತುದಾರರನ್ನು ಮನೆಗೇ ಕರೆಸಿ ತೋರಿಸಿ.

ಹೆಸರು ಬದಲಿಸಬಹುದಾ?

ಧಾರಾಳವಾಗಿ. ಹೊಸ ಹೆಸರು ಹೇಳಿ, ಒಂದು ತಿಂಡಿ ಹಾಕಿ. ಹೀಗೆ ಕೆಲವು ದಿನ ಮಾಡಿದರೆ ಹೆಸರು ಕೇಳಿದ ಕೂಡಲೇ ತಿರುಗಿ ನೋಡುತ್ತದೆ. ಎರಡಕ್ಷರದ್ದಾದರೆ ಕೂಗಲು ಸುಲಭ. ಬೈಯುವಾಗ ಮಾತ್ರ ಆ ಹೆಸರು ಬಳಸಬೇಡಿ.